ಅಳಿಯನ ಕಾರಿನ ಅಡಿ ಕವರು

ರಟ್ಟು ನೋಡದೆ ಒಂದು ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ ಮೇಸ್ತ್ರಿ. ಯಾವ ಕಾರು ಅವನ ಗ್ಯಾರೇಜಿನಲ್ಲಿ ರಾತ್ರಿ ಉಳಿದರೂ ಅದರ ಅಡಿಗೆ ಫ್ರಿಜ್ಜಿನದೋ ಟಿವಿಯದೋ ಪೆಟ್ಟಿಗೆ ಬಿಚ್ಚಿದ ದೊಡ್ಡ ರಟ್ಟೊಂದನ್ನು ಹಾಸುತ್ತಿದ್ದ. ಬೆಳಿಗ್ಗೆ ಬಂದವನೇ ಅದನ್ನು ಎಳೆದು ಬೆಳಕಿಗೆ ಹಿಡಿದು ಕಲೆ ಎಲ್ಲಿ ಬಿದ್ದಿದೆ, ಎಂಥದ್ದು ಎಂದು ನೋಡುತ್ತಿದ್ದ. ಕಪ್ಪಗಿದ್ದರೆ ಇಂಜಿನ್ ಆಯಿಲ್, ಹಸಿರಾಗಿದ್ದರೆ ರೇಡಿಯೇಟರ್ ನೀರು; ಬರೀ ನೀರಿನ ಗುರುತಾದರೆ ಏಸಿಯದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಎಷ್ಟೇ ಕೂಗಾಡಲಿ, ರಟ್ಟು ನೋಡಿ ಮುಗಿಯುವ ತನಕ ಕೀ ಕೈಗೆ ಸಿಗುತ್ತಿರಲಿಲ್ಲ. ಬೀದಿಯವರು ಅವನಿಗೆ ರಟ್ಟು ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಸರವಿರಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದ ಎನ್ನಬೇಕು.

ಅಂಥವನು ಇವತ್ತು ಬೆಳಿಗ್ಗೆ ರಟ್ಟು ನೋಡಿರಲಿಲ್ಲ.

ಕಾರಣ ಇಷ್ಟೇ, ಕಾರು ಅಳಿಯನದು. ಮಗಳು, ಅಳಿಯ, ಇನ್ನೂ ಹಲ್ಲು ಬಾರದ ಮೊಮ್ಮಗಳು ನಿನ್ನೆ ಸಂಜೆ ಬಂದು ಗ್ಯಾರೇಜಿನ ಮೇಲಿನ ಮನೆಯಲ್ಲಿ ಉಳಿದಿದ್ದರು. ಬಿಸಿಲೇರುವುದರೊಳಗೆ ಬೆಟ್ಟ ಹತ್ತಿಳಿದು ಊರು ಸೇರಿ ಅಂಗಡಿ ತೆರೆಯಬೇಕೆಂದು ಅಳಿಯ ಅವಸರ ಮಾಡುತ್ತಿದ್ದ. ಕನ್ನಡಕದ ಅಂಗಡಿ ಅವನದು. ಕೂಸು ಮೇಸ್ತ್ರಿಯ ತೋಳಿನಲ್ಲಿ ಕೂತು ಅವನ ಮೀಸೆ ಎಳೆಯುತ್ತಿತ್ತು. ಅಷ್ಟರಲ್ಲಿ ಅಳಿಯ ಕಾರು ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದೇಬಿಟ್ಟ. ‘ಸ್ವಲ್ಪ ತಡೀರಿ ಅಳಿಯಂದ್ರೆ, ರಟ್ಟೊಂದು ನೋಡಿಬಿಡ್ತೀನಿ’ ಎನ್ನುವ ಮಾತು ಮೇಸ್ತ್ರಿಯ ಗಂಟಲಿಗೆ ಬಂದು ಅಲ್ಲೇ ಕೂತಿತು. ಮಗಳ ಗಂಡನ ಕಣ್ಣೆದುರೇ ಅವನ ಕಾರಿನ ಮೇಲೆ ಅನುಮಾನ ಪಡುವುದು ಚೆನ್ನಾಗಿರುವುದಿಲ್ಲ ಎನ್ನಿಸಿತು. ಕೂಸನ್ನು ಮಗಳ ಕೈಗೆ ಕೊಟ್ಟು, ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿ ಒಳಗೆ ಬಂದ.

ಬಂದು ಪೊರಕೆ ಹಿಡಿದ. ಗುಡಿಸಲು ರಟ್ಟು ಅಡ್ಡ ಬಂತು. ಎತ್ತಿ ಗೋಡೆಗೆ ಒರಗಿಸಿದಾಗ ಎಡಗಡೆಗೆ, ನಡು ಭಾಗದಲ್ಲಿ, ಅಂಗೈ ಅಗಲದ ಒದ್ದೆ ಕಾಣಿಸಿತು.

ಏಸಿ ನೀರು ಎಂದುಕೊಂಡ. ಆದರೆ ಏಸಿ ನೀರು ಬೀಳುವುದು ಮುಂದೆ, ಬಲಗಡೆಗೆ. ಬೆರಳಿಟ್ಟು ನೋಡಿದ, ಜಾರಿತು. ಮೂಸಿದ. ವಾಸನೆಯ ಗುರುತು ಸಿಕ್ಕಿತು, ಆದರೂ ಮನಸ್ಸು ಒಪ್ಪಲಿಲ್ಲ. ನಲ್ಲಿಯ ಹತ್ತಿರ ಹೋಗಿ ಬೆರಳನ್ನು ನೀರಿಗೆ ಒಡ್ಡಿದ. ಇಂಜಿನ್ ಆಯಿಲ್ ಆಗಿದ್ದರೆ ಸೋಪು ಹಾಕಿ ಉಜ್ಜದೆ ಬೆರಳು ಬಿಡುವುದಿಲ್ಲ. ಇದು ಬರೀ ನೀರಿಗೇ ಕರಗಿ ಹೋಯಿತು. ಹಸಿರು ಬಣ್ಣವೂ ಇಲ್ಲದೆ ಹಾಗೆ ಹೋಗುವುದು ಬ್ರೇಕ್ ಆಯಿಲ್ ಮಾತ್ರ.

ನಲ್ಲಿ ನಿಲ್ಲಿಸುವುದನ್ನೂ ಮರೆತು ಜೇಬಿನಿಂದ ಫೋನು ತೆಗೆದ. ಅಳಿಯನದು ಸ್ವಿಚ್ ಆಫ್. ಓಡಿಸುವಾಗ ಫೋನು ಆರಿಸಿಡುವ ಒಳ್ಳೆಯ ಅಭ್ಯಾಸ ಅವನದು. ಮದುವೆಗೆ ಮುಂಚೆ ಅದನ್ನು ಕೇಳಿಯೇ ಹುಡುಗ ಜವಾಬ್ದಾರಿಯವನು ಎಂದು ಮೇಸ್ತ್ರಿ ನಾಲ್ಕು ಜನರ ಮುಂದೆ ಹೊಗಳಿದ್ದ. ಮಗಳಿಗೆ ಹಚ್ಚಿದ. ರಿಂಗಾಯಿತು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಆ ರಿಂಗು ತನ್ನ ತಲೆಯ ಮೇಲಿಂದಲೇ, ಮನೆಯ ಒಳಗಿಂದಲೇ ಬರುತ್ತಿದೆ ಎಂದು ತಿಳಿಯಿತು. ಚಾರ್ಜಿಗೆ ಹಾಕಿದ್ದನ್ನು ಮಗಳು ಬಿಟ್ಟು ಹೋಗಿದ್ದಳು. ಅದು ಸುಮ್ಮನಾಗುವ ತನಕ ಮೇಸ್ತ್ರಿ ಮೇಲೆ ನೋಡುತ್ತಾ ನಿಂತ.

ಅಳಿಯನ ಆ ಕಾರನ್ನು ನೆಲಮಟ್ಟಕ್ಕೆ ತಗ್ಗಿಸಿಕೊಟ್ಟವನೂ ಮೇಸ್ತ್ರಿಯೇ. ನೆಲಕ್ಕೆ ಅಂಟಿಕೊಂಡು ಓಡುವ ಕಾರೆಂದರೆ ಅಳಿಯನಿಗೆ ಪ್ರಾಣ. ಮದುವೆಯಾದ ಹೊಸದರಲ್ಲಿ ಮಾವ ಅಳಿಯ ಎದುರುಬದುರು ಕೂತರೆ ಮಾತೇ ಹುಟ್ಟುತ್ತಿರಲಿಲ್ಲ. ಊಟ ಆಯ್ತಾ, ಆಯ್ತು. ಅಂಗಡಿ ಹೇಗಿದೆ, ಪರವಾಗಿಲ್ಲ. ಅಲ್ಲಿಗೆ ಮುಗಿಯಿತು. ಆಮೇಲೊಂದು ಭಾನುವಾರ ಅಳಿಯ ಗಿಡ್ಡ ಸ್ಪ್ರಿಂಗುಗಳನ್ನು ತಂದು, ಹಾಕಿಕೊಡ್ತೀರಾ ಮಾವ ಎಂದ. ಇಬ್ಬರೂ ಕಾರಿನ ಅಡಿ ಮಲಗಿ, ಮೈಕೈ ಮಸಿ ಮಾಡಿಕೊಂಡು, ಹಳೆ ಸ್ಪ್ರಿಂಗು ಕಿತ್ತು ಹೊಸದು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವತ್ತು ಅಳಿಯ ಮನಸಾರೆ ನಕ್ಕ. ಗಂಡು ಮಕ್ಕಳಿಲ್ಲದ ಮೇಸ್ತ್ರಿಗೆ ಆ ನಗು ತಲೆಗೇರಿತು.

ತಗ್ಗಿದ ಮೇಲೆ ಒಂದು ತೊಡಕು ಶುರುವಾಯಿತು. ರಸ್ತೆಯ ಪ್ರತಿ ಹಂಪಿನ ಮೇಲೂ ಕಾರಿನ ಅಡಿ ಕವರು ಸರ್ರನೆ ಉಜ್ಜುತ್ತಿತ್ತು. ಇಂಜಿನ್ನಿನ ಕೆಳಗಿಂದ ಹಿಡಿದು ಬಾಗಿಲುಗಳ ಉದ್ದಕ್ಕೂ ಕಾರಿನ ಹೊಟ್ಟೆಯನ್ನು ಮುಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆ ಅದು. ಮೇಸ್ತ್ರಿಯ ಹೆಂಡತಿ ಗ್ಯಾರೇಜಿನ ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕಾರಿನ ಸೀಟು ಹೊಲಿಯುತ್ತಿದ್ದಳು. ಆ ಸದ್ದಿಗೆ ಅವಳು ನಗುತ್ತಿದ್ದಳು. “ಅಳಿಯಂದ್ರು ಬರೋದು ಬೀದಿ ಕೊನೇಲೇ ಗೊತ್ತಾಗುತ್ತೆ. ಒಲೆ ಮೇಲೆ ನೀರಿಡೋಕೆ ಅನುಕೂಲ.”

ಈ ನಗೆಯೇ ಅಳಿಯನಿಗೆ ಚುಚ್ಚಿತೋ ಏನೋ. “ಮಾವ, ಈ ಕವರು ಬೇಕೇ ಬೇಕಾ? ತಗ್ಗಿಸಿದ ಗಾಡಿಗೆ ಇದನ್ನ ತೆಗೆದೇ ಓಡಿಸ್ತಾರೆ. ನನ್ನ ಫ್ರೆಂಡ್ಸ್ ಎಲ್ಲ ತೆಗೆಸಿದಾರೆ,” ಎಂದು ಕೇಳಿದ.

ಬೇರೆ ಗಿರಾಕಿ ಕೇಳಿದ್ದರೆ ಮೇಸ್ತ್ರಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ. ಗಾಡಿ ತಗ್ಗಿದಷ್ಟೂ ಅದು ಹೆಚ್ಚು ಬೇಕು ಸ್ವಾಮಿ, ಎತ್ತರದ ಗಾಡಿಗೆ ಕೆಸರು ಹಾರುತ್ತೆ, ತಗ್ಗಿನದಕ್ಕೆ ಕಲ್ಲೇ ಹೊಡೆಯುತ್ತೆ, ಸದ್ದು ಬೇಡ ಅಂದ್ರೆ ಗಾಡಿ ಮೇಲೆತ್ತಿಸಿ, ಕವರು ಮುಟ್ಟಬೇಡಿ. ಈ ಭಾಷಣ ಅವನಿಗೆ ಬಾಯಿಪಾಠ. ಆದರೆ ಅಳಿಯ ಆಸೆಗಣ್ಣಿನಿಂದ ನೋಡುತ್ತಿದ್ದ. ಮೇಸ್ತ್ರಿ, “ಬೇಡ ಬಿಡಿ, ಅದೇನು ಪ್ಲಾಸ್ಟಿಕ್ ತಾನೆ,” ಎಂದುಬಿಟ್ಟ.

ಅವನೇ ಮಲಗಿ ಬಿಚ್ಚಿದ. ಎಡಗಡೆಯಲ್ಲಿ ಪೆಟ್ರೋಲ್ ಪೈಪೂ ಬ್ರೇಕ್ ಪೈಪೂ ಜೊತೆಜೊತೆಗೆ ಹೋಗಿರುವುದು ಬೆತ್ತಲೆಯಾಗಿ ಕಂಡಿತು. ಒಂದು ಕ್ಲಿಪ್ಪು ಸಡಿಲವಾಗಿ ಬ್ರೇಕ್ ಪೈಪು ಸ್ವಲ್ಪ ಜೋತುಬಿದ್ದಿತ್ತು. ಮೇಲಕ್ಕೆ ಒತ್ತಿ ಕೇಬಲ್ ಟೈ ಬಿಗಿದು, ಇಷ್ಟಾದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಳಿಯ ಖುಷಿಯಿಂದ ಹೊರಟುಹೋದ ಮೇಲೆ ಹೆಂಡತಿ ಮಿಷನ್ನಿನಿಂದ ತಲೆ ಎತ್ತದೆಯೇ ಕೇಳಿದಳು.

“ಬೇರೆಯವರಿಗೂ ಹೀಗೇ ಹೇಳ್ತೀರಾ?”

“ಅಳಿಯಂದ್ರು ಬೇರೆಯವರಾ?”

“ಅದಕ್ಕೇ ಕೇಳಿದ್ದು.”

ಕವರು ಅವತ್ತಿನಿಂದ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಈಗ ಮೇಸ್ತ್ರಿ ಅದರ ಹತ್ತಿರ ಹೋಗಿ ಕೆಳಗಿಳಿಸಿದ. ಬಿಚ್ಚಿದ ದಿನ ಅದರ ಹೊರಮೈಯನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಧೂಳನ್ನು ಅಂಗೈಯಿಂದ ಒರೆಸಿದ. ಬಲಗಡೆ ಅಲ್ಲೊಂದು ಇಲ್ಲೊಂದು ಗೀರು. ಎಡಗಡೆ, ಪೈಪು ಹೋಗುವ ಜಾಗದ ನೇರಕ್ಕೇ, ಬೆರಳು ಕೂರುವಷ್ಟು ಆಳದ ಗೆರೆಗಳು. ಒಂದು ಕಡೆಯಂತೂ ಪ್ಲಾಸ್ಟಿಕ್ ಸವೆದು ಆಚೆಯ ಬೆಳಕು ಕಾಣುತ್ತಿತ್ತು. ಪೈಪಿಗೆ ಬೀಳಬೇಕಾದ ಪೆಟ್ಟನ್ನೆಲ್ಲ ಬಿಚ್ಚುವ ತನಕ ಈ ಕವರು ತಿಂದಿತ್ತು. ಅದರ ಸದ್ದಿಗೆ ಹೆದರಿ ಅಳಿಯ ಹಂಪು ಕಂಡರೆ ಕಾರನ್ನು ಹೆಚ್ಚುಕಮ್ಮಿ ನಿಲ್ಲಿಸಿಯೇ ದಾಟಿಸುತ್ತಿದ್ದ. ನಿನ್ನೆ ಊಟಕ್ಕೆ ಕೂತಾಗ ಅವನು ಹೇಳಿದ್ದು ಮೇಸ್ತ್ರಿಗೆ ನೆನಪಾಯಿತು. “ಈಗ ಆರಾಮ ಮಾವ. ಹಂಪು ಬಂದ್ರೂ ಅಷ್ಟೊಂದು ಸ್ಲೋ ಮಾಡಬೇಕಿಲ್ಲ. ಸದ್ದೇ ಇಲ್ಲ.” ಆ ಮಾತಿಗೆ ಮೇಸ್ತ್ರಿ ನಕ್ಕು ತಲೆಯಾಡಿಸಿದ್ದ.

“ರೀ, ನಲ್ಲಿ ಬಿಟ್ಟು ಬಂದಿದೀರಾ?” ಹೆಂಡತಿ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಮಗಳ ಫೋನಿತ್ತು. “ಇದನ್ನ ಮರೆತು ಹೋಗಿದಾಳೆ ನೋಡಿ, ಮರೆಗುಳಿ.”

“ಏನಿಲ್ಲ,” ಎಂದ ಮೇಸ್ತ್ರಿ. ಅವಳು ಏನು ಎಂದು ಕೇಳಿಯೇ ಇರಲಿಲ್ಲ. ಹೆಂಡತಿ ಅವನ ಮುಖ ನೋಡಿದಳು, ಕೈಯಲ್ಲಿದ್ದ ಕವರು ನೋಡಿದಳು, ಗೋಡೆಗೊರಗಿಸಿದ್ದ ರಟ್ಟು ನೋಡಿದಳು. ಈ ಗ್ಯಾರೇಜಿನಲ್ಲಿ ಬಾಳಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಯಾವುದ್ರೀ ಸೋರಿದ್ದು?”

“ಬ್ರೇಕು.”

ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನಲ್ಲಿ ನಿಲ್ಲಿಸಿ ಬಂದು, “ಹೊರಡಿ,” ಎಂದಳು.

ಇದ್ದದ್ದು ಸಾಮಾನು ಸಾಗಿಸುವ ಹಳೆಯ ವ್ಯಾನು. ಕವರು ಕೈಯಲ್ಲೇ ಉಳಿದಿದ್ದು ಹತ್ತುವಾಗ ಗೊತ್ತಾಗಿ ಮೇಸ್ತ್ರಿ ಅದನ್ನು ಹಿಂದಕ್ಕೆ ಎಸೆದ. ಗ್ಯಾರೇಜಿನ ಬಾಗಿಲು ಹಾಗೇ ತೆರೆದಿತ್ತು.

ಊರೊಳಗಿನ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ಮೇಸ್ತ್ರಿಗೆ ಅವತ್ತು ತಿಳಿಯಿತು. ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ, ಸುಮ್ಮಸುಮ್ಮನೆ ಯಾರದೋ ಮನೆಯ ಮುಂದೆ. ವ್ಯಾನು ಒಂದೊಂದನ್ನು ಹಾರಿದಾಗಲೂ, ಇದೇ ಹಂಪು ಆ ತೆಳ್ಳನೆಯ ಪೈಪನ್ನು ಹೇಗೆ ಉಜ್ಜಿರಬೇಕು ಎನ್ನುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಒಂದರ ಮೇಲೆ ಹೊಸದಾಗಿ ಕೆರೆದ ಗುರುತಿತ್ತು. ಅದು ಯಾರದ್ದಾದರೂ ಆಗಿರಬಹುದು ಎಂದುಕೊಂಡ. ಅಳಿಯನದೇ ಎಂದು ಒಳಗಿನಿಂದ ಯಾರೋ ಹೇಳಿದರು.

“ತಕ್ಷಣ ಏನೂ ಆಗಲ್ಲ ಅಲ್ವಾ?” ಹೆಂಡತಿ ಕೇಳಿದಳು.

“ಸಮತಟ್ಟಿನಲ್ಲಿ ಆಗಲ್ಲ. ಹತ್ತುವಾಗಲೂ ಆಗಲ್ಲ.”

“ಇಳಿಯುವಾಗ?”

ಮೇಸ್ತ್ರಿ ಗೇರು ಬದಲಿಸಿದ. ಬ್ರೇಕು ಒತ್ತಿದಷ್ಟು ಸಲವೂ ಪೈಪಿನ ಸವೆದ ಜಾಗದಿಂದ ಆಯಿಲ್ ಸ್ವಲ್ಪ ಸ್ವಲ್ಪ ಹೊರಗೆ ಚಿಮ್ಮುತ್ತದೆ. ಜೋರಾಗಿ ಒತ್ತಿದ ಒಂದು ಗಳಿಗೆಯಲ್ಲಿ ಪೈಪು ಬಾಯಿಬಿಡುತ್ತದೆ. ಅಳಿಯ ಇಳಿಜಾರಿನಲ್ಲಿ ಗೇರನ್ನು ನಂಬುವವನಲ್ಲ, ಬ್ರೇಕನ್ನೇ ತುಳಿಯುವವನು. ಇದನ್ನೆಲ್ಲ ಹೆಂಡತಿಗೆ ಹೇಗೆ ಹೇಳುವುದು?

“ಬೆಳಿಗ್ಗೆ ರಟ್ಟು ನೋಡೋಕೆ ಏನಾಗಿತ್ತು ನಿಮಗೆ? ಊರಿನವರ ಗಾಡಿಗೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀರಿ. ಹೆತ್ತ ಮಗಳು ಕೂತ ಗಾಡಿಗೆ ನಾಚಿಕೆನಾ?”

“ಬೈಬೇಡ್ವೇ. ಬಂದ ಮೇಲೆ ಎಷ್ಟಾದರೂ ಬೈ.”

“ಬಂದ ಮೇಲೆ ಅಂತೀರಲ್ಲ, ಬರ್ತಾರಾ?” ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಹೆದರಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬೆಟ್ಟ ಹತ್ತುವುದು ಶುರುವಾಯಿತು. ವ್ಯಾನು ಏರಿನಲ್ಲಿ ಕೆಮ್ಮುತ್ತಾ ತೆವಳುತ್ತಿತ್ತು. ಅದಕ್ಕಿಂತ ತಾನೇ ಇಳಿದು ಓಡಿದರೆ ಬೇಗ ಎಂದು ಮೇಸ್ತ್ರಿಗೆ ಅನ್ನಿಸುತ್ತಿತ್ತು.

ನೆತ್ತಿಯಲ್ಲಿ ಒಂದು ಟೀ ಅಂಗಡಿ ಇತ್ತು. ಹತ್ತಿ ಬಂದವರೆಲ್ಲ ಅಲ್ಲಿ ಕಾರು ನಿಲ್ಲಿಸಿ ಕಾಲು ಚಾಚುವುದು ವಾಡಿಕೆ. ನಿಂತಿರಲಿ, ನಿಂತಿರಲಿ ಎಂದು ಮೇಸ್ತ್ರಿ ಕಾಣದ ದೇವರಿಗೆಲ್ಲ ಮೊರೆಯಿಟ್ಟ. ಅಂಗಡಿಯ ಮುಂದೆ ಒಂದು ಲಾರಿ ಬಿಟ್ಟರೆ ಏನೂ ಇರಲಿಲ್ಲ.

“ಬಿಳಿ ಕಾರು, ತಗ್ಗಿಸಿದ್ದು, ಈ ಕಡೆ ಬಂತಾ?” ವ್ಯಾನಿನಿಂದಲೇ ಕೂಗಿದ.

“ನೆಲ ನೆಕ್ಕೊಂಡು ಹೋಗುತ್ತಲ್ಲ, ಅದಾ?” ಅಂಗಡಿಯವನು ಲೋಟ ತೊಳೆಯುತ್ತಾ ನಕ್ಕ. “ಆಗಲೇ ಇಳೀತು. ನಿಲ್ಲಿಸಲಿಲ್ಲ. ಕೂಸು ಒಂದೇ ಸಮನೆ ಅಳ್ತಿತ್ತು.”

ಇಳಿಜಾರು ಶುರುವಾಯಿತು. ಮೇಸ್ತ್ರಿಯ ಕಣ್ಣು ರಸ್ತೆಯ ಮೇಲಿರಲಿಲ್ಲ. ಅಂಚಿನ ಮೋಟುಗೋಡೆಯ ಮೇಲಿತ್ತು. “ರಸ್ತೆ ನೋಡ್ರೀ,” ಎಂದು ಹೆಂಡತಿ ಎರಡೆರಡು ಸಲ ಕೂಗಿದಳು. ಆದರೆ ಅವಳೂ ನೋಡುತ್ತಿದ್ದದ್ದು ಗೋಡೆಯನ್ನೇ. ಒಂದು ತಿರುವಿನಲ್ಲಿ ಆ ಗೋಡೆ ಕಾರಿನ ಅಗಲಕ್ಕೆ ಒಡೆದಿತ್ತು.

ವ್ಯಾನು ನಿಂತಿತು. ಹೆಂಡತಿ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. ಮೇಸ್ತ್ರಿ ಇಳಿದ. ಇಳಿದನೇನೋ, ಕಾಲು ಮುಂದಕ್ಕೆ ಬರಲೊಲ್ಲದು. ಬಾಗಿಲು ಹಿಡಿದುಕೊಂಡು ನಿಂತ. ನೋಡದಿದ್ದರೆ ಇನ್ನೂ ಏನೂ ಆಗಿಲ್ಲ, ನೋಡಿದರೆ ಆಗಿಬಿಡುತ್ತದೆ ಎಂದು ಅನ್ನಿಸಿತು ಅವನಿಗೆ. ಕೊನೆಗೆ ಮಗುವಿನ ಹಾಗೆ ಕೂತುಕೊಂಡೇ ಅಂಚಿನ ತನಕ ಸರಿದು ಬಗ್ಗಿದ. ಕೆಳಗೆ ಹುಲ್ಲು, ಪೊದೆ, ಬಿಸಿಲು. ಒಂದು ಕೊಂಬೆಯೂ ಮುರಿದಿರಲಿಲ್ಲ. ಆಮೇಲೆ ಗೋಡೆಯ ಒಡಕು ನೋಡಿದ. ಒಡೆದ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು, ಹಳೆಯದು. ಎದ್ದು ಬಂದು ಕೂತಾಗ ಕೀ ತಿರುಗಿಸಲು ಬೆರಳಿಗೆ ಬಲ ಬರಲಿಲ್ಲ. ಹೆಂಡತಿ ಅವನ ಕೈ ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು.

ಇನ್ನೂ ಕೆಳಗೆ, ರಸ್ತೆ ರಿಪೇರಿಗೆಂದು ಜಲ್ಲಿ ಸುರಿದಿದ್ದ ಕಡೆ, ಬಿಳಿ ಕಾರು ಕಂಡಿತು. ಮೂತಿ ಪೂರ್ತಿ ಜಲ್ಲಿ ರಾಶಿಯೊಳಗೆ ಹೂತು, ಹಿಂಭಾಗ ಎತ್ತಿಕೊಂಡು ನಿಂತಿತ್ತು. ಮೂರು ಬಾಗಿಲು ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಕೂಸಿನ ಹಳದಿ ಟೋಪಿ ರಸ್ತೆಯ ಮೇಲೆ ಬಿದ್ದಿತ್ತು.

ಮೇಸ್ತ್ರಿ ಆ ಟೋಪಿಯನ್ನು ಎತ್ತಿಕೊಂಡ. ಜೀವಮಾನದಲ್ಲಿ ಅವನು ಅಷ್ಟು ಹೆದರಿದ್ದಿಲ್ಲ. ಇನ್ನು ನೂರು ವರ್ಷ ಬದುಕಿದರೂ ಈ ಟೋಪಿ ಹಿಡಿದು ನಿಂತ ಗಳಿಗೆ ತನ್ನನ್ನು ಬಿಡುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಯಿತು.

ಆಗ ಜಲ್ಲಿ ರಾಶಿಯ ಆಚೆಯಿಂದ ಕೂಸು ಅತ್ತಿತು. ಹಸಿವಾದಾಗ ಅಳುವ ಮಾಮೂಲಿ ಅಳು.

ಮಗಳು ಮರದ ನೆರಳಲ್ಲಿ ಕಲ್ಲಿನ ಮೇಲೆ ಕೂತು ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಅಳಿಯ ಪಕ್ಕದಲ್ಲಿ ನಿಂತಿದ್ದ. ಹಣೆ ಒಡೆದು ರಕ್ತ ಹುಬ್ಬಿನ ಮೇಲೆ ಹೆಪ್ಪುಗಟ್ಟಿತ್ತು, ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು. ಹೆಂಡತಿ ಓಡಿಹೋಗಿ ಮಗಳನ್ನೂ ಕೂಸನ್ನೂ ಒಟ್ಟಿಗೇ ತಬ್ಬಿಕೊಂಡು, ಅಷ್ಟು ಹೊತ್ತು ತಡೆದಿದ್ದನ್ನೆಲ್ಲ ಅತ್ತಳು.

“ತಿರುವಿನಲ್ಲೆಲ್ಲ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕ್ ಮಿಣುಕ್ ಅಂತಿತ್ತಮ್ಮಾ,” ಮಗಳು ಹೇಳತೊಡಗಿದಳು. “ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿಲ್ಲ ಅನ್ಕೊಂಡ್ರು ಇವರು. ನಾನು ಆಯಿಲ್ ಕಮ್ಮಿ ಆಗಿರಬೇಕು, ಗೇರ್ ಇಳಿಸಿ, ನಿಲ್ಲಿಸೋಣ ಅಂದೆ. ಇವರು ಬ್ರೇಕ್ ಒತ್ತಿದ್ರೆ ಪೆಡಲ್ಲು ಹಾಗೇ ಒಳಗೆ ಹೋಯ್ತು. ನಾನು ಹ್ಯಾಂಡ್ ಬ್ರೇಕ್ ಎಳೆದೆ, ಇವರು ಜಲ್ಲಿಗೆ ತಿರುಗಿಸಿದ್ರು. ಈ ಜಲ್ಲಿ ಇಲ್ಲದಿದ್ರೆ...”

ಮುಂದಿನ ತಿರುವು ಅಲ್ಲಿಂದಲೇ ಕಾಣುತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಮಗಳು ಅಪ್ಪನ ಕಡೆ ತಿರುಗಿದಳು. “ಅಪ್ಪ, ಬೆಳಿಗ್ಗೆ ರಟ್ಟಿನ ಮೇಲೆ ಏನೂ ಇರಲಿಲ್ವಾ?”

ಇರಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ದಾರಿಯಲ್ಲಿ ಕಲ್ಲು ಹೊಡೆದಿರಬೇಕು ಎಂದರೆ ಇಬ್ಬರೂ ನಂಬುತ್ತಿದ್ದರು. ಅನುಮಾನ ಬಂದು ಬೆನ್ನು ಹತ್ತಿದ ಅಪ್ಪ ಎಂದು ನಾಲ್ಕು ಒಳ್ಳೆಯ ಮಾತೂ ಸಿಗುತ್ತಿತ್ತು. ಹೆಂಡತಿ ಬಾಯಿಬಿಡುತ್ತಿರಲಿಲ್ಲ, ಅವಳು ಸುಮ್ಮನೆ ಅವನನ್ನೇ ನೋಡುತ್ತಿದ್ದಳು. ಮೇಸ್ತ್ರಿ ಕೈಯಲ್ಲಿದ್ದ ಹಳದಿ ಟೋಪಿಯನ್ನು ಮಡಚಿದ, ಬಿಡಿಸಿದ.

“ಇತ್ತು. ನಾನು ನೋಡ್ಲಿಲ್ಲ.”

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಟ್ಟಿದಾಗಿನಿಂದ ಅವಳು ನೋಡಿದ್ದ ಅಪ್ಪ ಹಾಗೆ ಹೇಳುವವನಾಗಿರಲಿಲ್ಲ.

“ಮಾವ,” ಎಂದ ಅಳಿಯ. “ಆ ಅಡಿ ಕವರು ಬೇಕಿತ್ತಾ?”

“ಬೇಕಿತ್ತು.”

“ಅವತ್ತು ನಾನು ಕೇಳಿದಾಗಲೂ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಬೇಡ ಅಂದ್ರಿ?”

“ನೀವು ಅಳಿಯಂದ್ರು... ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

ಅಳಿಯ ಸಿಟ್ಟು ಮಾಡಲಿಲ್ಲ. ಒಂದು ಏಟು ಕೊಟ್ಟಿದ್ದರೂ ಮೇಸ್ತ್ರಿಗೆ ಅದಕ್ಕಿಂತ ಹಗುರವಾಗುತ್ತಿತ್ತು. “ನಾನು ಕೇಳಿದ್ದು ಮೇಸ್ತ್ರಿನ,” ಎಂದ ಅವನು ಮೆಲ್ಲಗೆ. “ನೀವು ಮಾವನಾಗಿ ಉತ್ತರ ಕೊಟ್ರಿ.”

ಕೂಸು ಮತ್ತೆ ಅಳಲು ಶುರು ಮಾಡಿತು. ಬೆಳಿಗ್ಗೆಯ ಮೀಸೆ ನೆನಪಾಯಿತೋ ಏನೋ, ಅಮ್ಮನ ಹೆಗಲ ಮೇಲಿಂದ ಮೇಸ್ತ್ರಿಯ ಕಡೆಗೇ ಬಾಗುತ್ತಿತ್ತು. ಮೇಸ್ತ್ರಿ ಟೋಪಿಯನ್ನು ಜೇಬಿಗಿಟ್ಟು ಎರಡೂ ಕೈ ಚಾಚಿದ. ಮಗಳು ಆ ಕೈಗಳನ್ನು ನೋಡಿದಳು. ಆಮೇಲೆ ಎದ್ದು, ಕೂಸನ್ನು ಅಮ್ಮನ ಕೈಗೆ ಕೊಟ್ಟಳು.